ಜವಾನ, ಮಾಣಿ ಮತ್ತು ಹುರಿದ ಮೀನು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಸವೇಶ್ವರನಗರದಲ್ಲಿದ್ದಾಳೆ. ಹಳಗನ್ನಡದ ಪಾಠ ನಡೆಯುವಾಗ ಕಿಟಕಿಯಾಚೆಗೆ ಕಣ್ಣು ಹಾಯಿಸದೆ ಕುಳಿತಿರುತ್ತಿದ್ದ ಕೆಲವೇ ಮಂದಿಯಲ್ಲಿ ಅವಳೂ ಒಬ್ಬಳು. ಮುಂದೆ ಹೊಟ್ಟೆಪಾಡಿಗಾಗಿ ಜರ್ಮನ್ ಭಾಷೆಯನ್ನು ಕಲಿತಳು. ಆ ಭಾಷೆಯ ಕಾಗದಪತ್ರಗಳನ್ನು ತರ್ಜುಮೆ ಮಾಡುವುದೇ ಈಗ ಅವಳ ಕಸುಬು. ಯಂತ್ರಗಳ ಬಿಡಿಭಾಗಗಳನ್ನು ಕುರಿತ ಬರಹವನ್ನು ವಾರವೆಲ್ಲ ಅನುವಾದಿಸಿ ಬೇಸತ್ತಾಗ, ಬಾಯಿ ರುಚಿಗೆಂಬಂತೆ, ಹಳೆಯ ಕಥೆಯೊಂದನ್ನು ಕನ್ನಡಕ್ಕೆ ತರುವ ಹುಚ್ಚೂ ಅವಳಿಗುಂಟು. ಕಳೆದ ತಿಂಗಳು ಒಂದು ಭಾನುವಾರ ವಿಜಯನಗರದ ನಮ್ಮ ಮನೆಗೆ ಬಂದವಳು ಕಾಫಿಯ ಲೋಟವನ್ನು ಕೆಳಗಿಡುವ ಮೊದಲೇ ಪ್ರಶ್ನೆ ಹಾಕಿದಳು.

"ಸಾರ್, ಹುರಿದ ಮೀನಿಗೆ ಕನ್ನಡದಲ್ಲಿ ಏನೆನ್ನಬೇಕು?"

"ಹುರಿದ ಮೀನೆಂದೇ ಅನ್ನಬೇಕಮ್ಮ. ಅದರಲ್ಲಿ ಕಷ್ಟವೇನು?"

"ಕಷ್ಟವೇನೆಂದರೆ, ಇಲ್ಲಿ ಹುರಿದ ಮೀನಿಗೆ ಹದಿನೈದು ವರ್ಷ. ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಾಳೆ."

ವಿಷಯ ಇಷ್ಟು. ಎಮ್ಮಿ ಫಾನ್ ರೋಡೆನ್ ಎಂಬಾಕೆ ಬರೆದು 1885ರಲ್ಲಿ ಪ್ರಕಟವಾದ 'ಟ್ರೋಟ್ಸ್‌ಕೋಪ್ಫ್' ಎಂಬ ಕಾದಂಬರಿಯನ್ನು ಅವಳು ಓದುತ್ತಿದ್ದಳು. ಹಟಮಾರಿ ಹುಡುಗಿಯೊಬ್ಬಳನ್ನು ಬೋರ್ಡಿಂಗ್ ಶಾಲೆಗೆ ಕಳುಹಿಸುವ ಕಥೆ ಅದು. ಬಾಲ್ಯ ಕಳೆದು ಇನ್ನೂ ಹೆಂಗಸಾಗದ ಅಂಥ ಹುಡುಗಿಗೆ ಜರ್ಮನರು ಆ ಕಾಲದಲ್ಲಿ 'ಬಾಕ್‌ಫಿಶ್' ಎನ್ನುತ್ತಿದ್ದರಂತೆ. ಪದಶಃ ಅರ್ಥ, ಹುರಿದ ಮೀನು. ಬೇಯಿಸುವುದಕ್ಕೆ ಸಾಲದಷ್ಟು ಸಣ್ಣದು, ಹುರಿಯುವುದಕ್ಕಷ್ಟೇ ಲಾಯಕ್ಕು ಎಂದು ಕೆಲವರ ವಿವರಣೆ. ಎಳೆಯದೆಂದು ಮೀನುಗಾರ ಮತ್ತೆ ನೀರಿಗೆ ಎಸೆದ ಮೀನು ಎಂದು ಇನ್ನು ಕೆಲವರದು. ಮಾಂಸ ಮೀನು ಮುಟ್ಟದ ಮನೆಯ ಹುಡುಗಿ ಇದನ್ನು ಹೇಗೆ ತರ್ಜುಮೆ ಮಾಡಿಯಾಳು? ನಾನು ಕುಂದಾಪುರದ ಕಡೆಯವನು, ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಈ ಪದದ ಚರಿತ್ರೆಯಲ್ಲಿ ಇನ್ನೊಂದು ತಮಾಷೆಯುಂಟು. 16ನೆಯ ಶತಮಾನದಲ್ಲಿ ಅದು ಹುಡುಗಿಯರ ಹೆಸರೇ ಆಗಿರಲಿಲ್ಲ. ವಿಶ್ವವಿದ್ಯಾಲಯಗಳ ಪೋಲಿ ವಿದ್ಯಾರ್ಥಿಗಳು ತಮ್ಮಲ್ಲಿನ ಎಳಸುಗಳನ್ನು ಹೀಗೆ ಕರೆಯುತ್ತಿದ್ದರು. ಮೊದಲ ಪದವಿಗೆ ಲ್ಯಾಟಿನ್ನಿನಲ್ಲಿ 'ಬಾಕ್ಕಲೌರೆಯುಸ್' ಎಂದು ಹೆಸರಷ್ಟೆ? ಆ ಗಂಭೀರ ಶಬ್ದದ ತಲೆಯನ್ನು ಕತ್ತರಿಸಿ ಮೀನಿನ ಬಾಲಕ್ಕೆ ಅಂಟಿಸಿದರೆ ಬಾಕ್‌ಫಿಶ್. ಆ ಲ್ಯಾಟಿನ್ ಶಬ್ದದ ಸಂತಾನವೇ ನಮ್ಮ ಬಿ.ಎ.ಯಲ್ಲಿರುವ 'ಬ್ಯಾಚಲರ್'. ಆತ ಮೊದಲಿಗೆ ಪದವೀಧರನೂ ಅಲ್ಲ, ಅವಿವಾಹಿತನೂ ಅಲ್ಲ. ಹಿರಿಯ ವೀರನ ಕೈಕೆಳಗೆ ಪಳಗುತ್ತಿದ್ದ ತರುಣ ಯೋಧ. ಅಂಥ ವೀರನಿಗೆ ಇಂದು ವಿಜಯನಗರದ ಬೀದಿಗಳಲ್ಲಿ ಒದಗಿರುವ ಗತಿಯನ್ನು ನೋಡಬೇಕಾದರೆ 'ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ' ಎಂಬ ಹಲಗೆಗಳನ್ನು ಓದಿಕೊಂಡು ಒಂದು ಸಂಜೆ ಅಡ್ಡಾಡಿದರೆ ಸಾಕು.

"ನಮ್ಮ ಆಫೀಸಿನ ಜರ್ಮನ್ ಹೆಂಗಸಿನೊಡನೆ ಫೋನಿನಲ್ಲಿ ಮಾತಾಡುವಾಗ ಈ ಪದವನ್ನು ಬಳಸಿಬಿಟ್ಟೆ ಸಾರ್. ಆಕೆ ನಕ್ಕೂ ನಕ್ಕೂ ಸುಸ್ತಾದಳು. ಅವಳ ಅಜ್ಜಿಯನ್ನು ಹಾಗೆ ಕರೆಯುತ್ತಿದ್ದರಂತೆ" ಎಂದಳು ನಮ್ಮ ಹುಡುಗಿ. ಜರ್ಮನಿಯಲ್ಲಿ ಆ ಮಾತು ಸತ್ತಿದೆ. ಎರಡನೆಯ ಮಹಾಯುದ್ಧದ ಬಳಿಕ ಅದರ ಜಾಗದಲ್ಲಿ ಇಂಗ್ಲಿಷಿನ 'ಟೀನೇಜರ್' ಬಂದು ಕುಳಿತಿದೆ. ಆದರೆ ಹಂಗೇರಿಯವರು ಅದನ್ನು 'ಬಾಕ್‌ಫಿಶ್' ಎಂದೇ ಎತ್ತಿಕೊಂಡರು, ಡಚ್ಚರು 'ಬಾಕ್‌ವಿಸ್' ಎಂದು ತಮ್ಮದಾಗಿಸಿಕೊಂಡರು, ಡೆನ್ಮಾರ್ಕ್ ಸ್ವೀಡನ್ನುಗಳ ಹಳೆಯ ಪುಸ್ತಕಗಳಲ್ಲಿಯೂ ಅದು ಉಳಿದಿದೆ. ತವರಿನಲ್ಲಿ ತೀರಿಕೊಂಡ ಮಾತು ನೆಂಟರ ಮನೆಯಲ್ಲಿ ಬದುಕಿರುವುದು ಅಪೂರ್ವವೇನಲ್ಲ. ನಮ್ಮ ಅಜ್ಜಿಯರ ನುಡಿ ಕಾಸರಗೋಡಿನ ಯಾವುದೋ ತೋಟದ ಮನೆಯಲ್ಲಿ ಥಟ್ಟನೆ ಕೇಳಿಬಂದಾಗ ಆಗುವ ಹಾಗೆಯೇ ಇದು.

ಅವಳು ಹೋದ ಮೇಲೆ ನಾನು ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಮೊದಲು ಕೈಗೆ ಬಂದದ್ದು, ಬರಬೇಕಾದದ್ದೇ, ಕಿಟ್ಟೆಲ್. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ಕೋಶವನ್ನು ಕನ್ನಡಕ್ಕೆ ಕೊಟ್ಟ. ಅಚ್ಚಿನ ಮೊಳೆ ತಂದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇಷ್ಟು ದೀರ್ಘಕಾಲ ನಮ್ಮ ನಡುವೆ ಇದ್ದ ಜರ್ಮನರು ನಮ್ಮ ಆಡುಮಾತಿಗೆ ಬಿಟ್ಟುಹೋದ ಜರ್ಮನ್ ಪದಗಳೆಷ್ಟು ಎಂದು ಎಣಿಸಹೊರಟರೆ ಬೆರಳು ಮಡಿಸುವ ಪ್ರಮೇಯವೇ ಬರುವುದಿಲ್ಲ. ಕಾರಣ ಸ್ಪಷ್ಟ. ಅವರು ನಮಗೆ ತಮ್ಮ ಭಾಷೆಯನ್ನು ಕಲಿಸಲು ಬರಲಿಲ್ಲ. ನಮ್ಮದನ್ನು ಕಲಿತು ಅದರಲ್ಲಿಯೇ ತಮ್ಮ ಧರ್ಮವನ್ನು ಹೇಳಲು ಬಂದರು. ಪೋರ್ಚುಗೀಸರು ಮೇಜು, ಜನೇಲು, ಚಾವಿಗಳನ್ನು ಬಿಟ್ಟುಹೋದರು. ಜರ್ಮನರು ನಮ್ಮ ಪದಗಳನ್ನೇ ಒರಸಿ ಒಪ್ಪವಾಗಿ ಜೋಡಿಸಿಟ್ಟು ಹೋದರು. ಆ ಲೆಕ್ಕದಲ್ಲಿ ನಷ್ಟ ನಮಗಾಗಿಲ್ಲ.

ಆದರೂ ಎಳೆಯರಿಗೆ ಸಂಬಂಧಿಸಿದ ಒಂದು ಜರ್ಮನ್ ಪದ, ಮಂಗಳೂರಿನ ದಾರಿಯಿಂದಲ್ಲ, ಇಂಗ್ಲಿಷಿನ ದಾರಿಯಿಂದ, ನಮ್ಮ ಮನೆಮನೆಗೂ ಬಂದಿದೆ. ಫ್ರೋಬೆಲ್ ಎಂಬ ಶಿಕ್ಷಣತಜ್ಞ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಮಕ್ಕಳ ಆಟಪಾಟಕ್ಕೆ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಕಿಂಡರ್ ಎಂದರೆ ಮಕ್ಕಳು, ಗಾರ್ಟನ್ ಎಂದರೆ ತೋಟ. ಮಕ್ಕಳು ಹೀಗೆ ಆಡಿಕೊಂಡಿದ್ದರೆ ರಾಜ್ಯಕ್ಕೆ ಅಪಾಯವೆಂದು ಪ್ರಷ್ಯದ ಸರಕಾರ 1851ರಲ್ಲಿ ಅದನ್ನು ನಿಷೇಧಿಸಿತ್ತು ಎಂಬುದನ್ನು ನೆನೆದರೆ ಸರಕಾರಗಳ ಬುದ್ಧಿಯ ಬಗ್ಗೆ ಯಾವ ಕಾಲದಲ್ಲಿಯೂ ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ಹಿರಿಯರು 'ಶಿಶುವಿಹಾರ' ಎಂಬ ಸೊಗಸಾದ ಪದವನ್ನು ಕೊಟ್ಟರು. ರಾಜಾಜಿನಗರದ ಓಣಿಗಳಲ್ಲಿ ನಿಂತದ್ದು ಮಾತ್ರ ಆ ಜರ್ಮನ್ ಪದದ ಎರಡು ಎಲುಬುಗಳು: ಎಲ್.ಕೆ.ಜಿ., ಯು.ಕೆ.ಜಿ. ಕೆಳಮನೆಯ ಮಗುವನ್ನು 'ಏನು ಮರಿ, ಎಷ್ಟನೆಯ ಕ್ಲಾಸು?' ಎಂದು ಕೇಳಿದರೆ 'ನಾನು ಯೂಕೇಜಿ' ಎನ್ನುತ್ತದೆ. ತೋಟದ ಹೆಸರು ಮಗುವಿನ ಹೆಸರಾಯಿತು!

ಇದು ನಗುವ ಮಾತಲ್ಲ. ಜರ್ಮನ್ ಭಾಷೆಯಲ್ಲಿಯೇ ಹೀಗಾಗಿದೆ. 'ಬುರ್ಸಾ' ಎಂದರೆ ಲ್ಯಾಟಿನ್ನಿನಲ್ಲಿ ಹಣದ ಚೀಲ. ಬಡ ವಿದ್ಯಾರ್ಥಿಗಳು ಒಂದೇ ಚೀಲದ ಹಣದಿಂದ ಉಂಡು ಮಲಗುತ್ತಿದ್ದ ಮನೆಗೂ ಆ ಹೆಸರಾಯಿತು. ಮನೆಯ ಹೆಸರು ಅದರೊಳಗಿದ್ದವನಿಗೆ ಬಂದು 'ಬುರ್ಶ' ಎಂದಾಯಿತು. ಮೊದಲು ವಿದ್ಯಾರ್ಥಿ, ಬಳಿಕ ಯಾವನೇ ಹುಡುಗ. ಅಲ್ಲಿಂದ ಅದು ರಷ್ಯಕ್ಕೂ ಹೋಗಿ, ಜರ್ಮನಿಯ ವಿದ್ಯಾರ್ಥಿಯ ಹೆಸರಾಗಿ ನಿಂತಿತು. ನಮ್ಮ ಊರಿನಲ್ಲಿ ಇದರ ವಿಲೋಮವೂ ನಡೆದಿದೆ. 'ಪೀಜಿ' ಎಂದರೆ ಮೂಲದಲ್ಲಿ ಹಣ ಕೊಟ್ಟು ಉಳಿದುಕೊಂಡ ಅತಿಥಿ, ಅಂದರೆ ಮನುಷ್ಯ. ಈಗ ವಿಜಯನಗರದಲ್ಲಿ ಪೀಜಿ ಎಂದರೆ ನಾಲ್ಕು ಮಹಡಿಯ ಕಟ್ಟಡ. ಅತಿಥಿ ಗೋಡೆಯಾಗಿದ್ದಾನೆ.

ಬುರ್ಶನ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಜರ್ಮನಿಯ ಸೈನ್ಯದಲ್ಲಿ ಅಧಿಕಾರಿಯ ಬೂಟು ಒರಸುವ, ಕುದುರೆ ನೋಡಿಕೊಳ್ಳುವ ಆಳಿಗೂ ಅದೇ ಹೆಸರಾಯಿತು. ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನಮ್ಮ ಕುಂದಾಪುರದ ಕಡೆ ಹುಡುಗನಿಗೆ 'ಮಾಣಿ' ಎನ್ನುತ್ತಾರೆ. ಸಂಸ್ಕೃತದ ಮಾಣವ, ಮಾಣವಕ ಎಂಬವುಗಳ ಬಳಗ ಅದು. ಹಳಗನ್ನಡದಲ್ಲಿ ಮಾಣಿ ಎಂದರೆ ವಟು, ಬ್ರಹ್ಮಚಾರಿ, ಗುರುಕುಲದಲ್ಲಿ ಓದುವವನು. ಬುರ್ಶನಂತೆ ಅವನೂ ವಿದ್ಯಾರ್ಥಿಯೇ. ಕರಾವಳಿಯ ಮನೆಗಳಲ್ಲಿ ಅದು ಅಕ್ಕರೆಯ ಮಾತಾಯಿತು. ಆಮೇಲೆ ಆ ಮಾಣಿಗಳು ಘಟ್ಟ ಹತ್ತಿ ಬಂದು ಬೆಂಗಳೂರಿನಲ್ಲಿ ಹೋಟೆಲುಗಳನ್ನು ಕಟ್ಟಿದರು. ಮಾವಳ್ಳಿ ಟಿಫಿನ್ ರೂಮ್ಸ್ 1924ರಷ್ಟು ಹಿಂದೆಯೇ ಆರಂಭವಾದದ್ದು ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರಿಂದ. ಯಜಮಾನರು ಊರಿನಿಂದ ಕರೆತಂದ ಹುಡುಗರನ್ನು ಊರಿನ ಮಾತಿನಲ್ಲಿಯೇ ಕರೆದರು. ಗಿರಾಕಿಗಳು ಅದನ್ನು ಕೇಳಿ ಕಲಿತರು. ಹೀಗೆ ಕನ್ನಡ ಸಾಹಿತ್ಯದಲ್ಲಿಯೂ ಮಾಣಿ ಎಂದರೆ ಹೋಟೆಲಿನಲ್ಲಿ ತಿಂಡಿ ತಂದಿಡುವವನು ಎಂದಾಯಿತು.

ನಾನೂ ಹಾಗೆ ಬಂದವನೇ. ಹದಿನಾರನೆಯ ವಯಸ್ಸಿನಲ್ಲಿ ರಾಜಾಜಿನಗರದ ಒಂದು ಹೋಟೆಲಿನಲ್ಲಿ ಬೆಳಗ್ಗೆ ಐದರಿಂದ ಒಂಬತ್ತೂವರೆಯವರೆಗೆ ಇಡ್ಲಿಯ ತಟ್ಟೆಗಳನ್ನು ಹೊತ್ತು, ಆಮೇಲೆ ಪಿ.ಯು.ಸಿ. ತರಗತಿಗೆ ಓಡುತ್ತಿದ್ದೆ. ದುಡಿಮೆಯ ಬಗ್ಗೆ ನನಗೆ ದೂರಿಲ್ಲ. ಹೊಟ್ಟೆ ತುಂಬುತ್ತಿತ್ತು, ಫೀಸಿಗೆ ಹಣವಿರುತ್ತಿತ್ತು. ಕಿವಿಗೆ ಚುಚ್ಚಿದ್ದು ಒಂದೇ. ಬಂದ ಮೊದಲ ದಿನ ಮೂಲೆಯ ಮೇಜಿನಿಂದ ಯಾರೋ 'ಮಾಣೀ' ಎಂದು ಕರೆದಾಗ ನನ್ನೆದೆ ಹಿಗ್ಗಿತು. ಊರಿನವರು ಯಾರೋ ಗುರುತು ಹಿಡಿದರೆಂದು ನಗುತ್ತ ಓಡಿದೆ. ಆತ ಮುಖವನ್ನೂ ಎತ್ತದೆ, ಬೆರಳಿನಿಂದ ಮೇಜನ್ನು ತೋರಿಸಿ, 'ಒರಸು' ಎಂದ. ಅಮ್ಮ ನನ್ನನ್ನು ಕರೆಯುವ ಹೆಸರೇ ಅದು. ಅದೇ ಎರಡಕ್ಷರ. ಆ ದಿನ ಸಂಜೆ ಊರಿಗೆ ಕಾಗದ ಬರೆಯುವಾಗ 'ನಿನ್ನ ಮಾಣಿ' ಎಂದು ಕೊನೆಗೆ ಬರೆಯುವ ವಾಡಿಕೆಯನ್ನು ಬಿಟ್ಟು ಹೆಸರು ಬರೆದೆ. ಅಮ್ಮ ಅದಕ್ಕೆ ಏನೂ ಕೇಳಲಿಲ್ಲ. ಅವಳಿಗೆ ಓದಿ ಹೇಳುತ್ತಿದ್ದವರು ಪಕ್ಕದ ಮನೆಯವರು.

ಫ್ರೆಂಚರು ಹೋಟೆಲಿನಲ್ಲಿ 'ಗಾರ್ಸಾಂ' ಎಂದು ಕೂಗುತ್ತಿದ್ದರು. ಅದರ ಅರ್ಥವೂ ಹುಡುಗ. ಇಂಗ್ಲಿಷರು ನಮ್ಮ ದೇಶದಲ್ಲಿ ಐವತ್ತು ವರ್ಷದ ಬಟ್ಲರನನ್ನೂ 'ಬಾಯ್' ಎನ್ನುತ್ತಿದ್ದರು. ಜರ್ಮನರು ಬಡಿಸುವ ಹೆಂಗಸನ್ನು ಕರೆಯುತ್ತಿದ್ದುದು 'ಫ್ರಾಯ್‌ಲೈನ್' ಎಂದು. ಹೆಂಗಸು ಎಂಬ ಪದಕ್ಕೆ 'ಚಿಕ್ಕ' ಎಂಬರ್ಥದ ಬಾಲ ಸೇರಿಸಿದ್ದು ಅದು, ಮದುವೆಯಾಗದವಳು ಎಂದರ್ಥ. ಈ ಮಾತು ರಷ್ಯಕ್ಕೆ ಹೋಗಿ ಅರಮನೆ ಸೇರಿ 'ಫ್ರೇಲಿನಾ' ಆಗಿ ರಾಣಿಯ ಸಖಿಯಾಯಿತು. ತವರಿನಲ್ಲಿ ಮಾತ್ರ ಎಂಬತ್ತು ವರ್ಷದ ಮುದುಕಿಯೂ, ಮದುವೆಯಾಗದಿದ್ದರೆ, ಚಿಕ್ಕ ಹೆಂಗಸಾಗಿಯೇ ಉಳಿಯಬೇಕಾಯಿತು. 1972ರಲ್ಲಿ ಪಶ್ಚಿಮ ಜರ್ಮನಿಯ ಗೃಹಖಾತೆ ಸರಕಾರಿ ಕಾಗದಗಳಿಂದ ಅದನ್ನು ಕೈಬಿಡುವಂತೆ ಸೂಚಿಸಿತು. ಪದಕ್ಕೆ ಸರಕಾರವೇ ನಿವೃತ್ತಿ ಕೊಟ್ಟ ಉದಾಹರಣೆ ಇದು.

ನಿವೃತ್ತಿ ಎಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ನಾನು ಮೊದಲು ಪಾಠ ಹೇಳಿದ ಕಾಲೇಜಿನ ಜವಾನರು. ಕೆಂಗೇರಿಯ ಕಡೆಯಿಂದ ಬಸ್ಸು ಹಿಡಿದು ಬಂದು ಎಲ್ಲರಿಗಿಂತ ಮೊದಲು ಬಾಗಿಲು ತೆರೆಯುತ್ತಿದ್ದರು. ಅವರ ಬೀಳ್ಕೊಡುಗೆಯ ದಿನ ನಾಲ್ಕು ಮಾತಾಡಲು ನನ್ನನ್ನು ನಿಲ್ಲಿಸಿದರು. ಕನ್ನಡದ ಮೇಷ್ಟ್ರಲ್ಲವೆ, ಪದದಿಂದಲೇ ಆರಂಭಿಸಿದೆ. 'ಜವಾನ' ಎಂಬುದು ಪಾರ್ಸಿ ಮಾತು, ಅದರ ಅರ್ಥ ಯುವಕ. ಸಂಸ್ಕೃತದ ಯುವನ್ ಎಂಬುದಕ್ಕೆ ಅದು ಒಡಹುಟ್ಟು. ನಮ್ಮ ಕಾವ್ಯಗಳ ಜವ್ವನ, ಜವ್ವನಿಗ ಎಂಬವೂ ಅದೇ ವಂಶದವು. ಲ್ಯಾಟಿನ್ನಿನಿಂದ ಬಂದ 'ಜೂನಿಯರ್', ಇಂಗ್ಲಿಷಿನ 'ಯಂಗ್', ಜರ್ಮನಿಯ 'ಯುಂಗ್' ಎಲ್ಲವೂ ಒಂದೇ ಬೇರಿನ ಕೊಂಬೆಗಳು. 1965ರಲ್ಲಿ ಶಾಸ್ತ್ರಿಯವರು ರೈತನೊಡನೆ ಜಯಕಾರ ಹಾಕಿದ ಯೋಧನೂ ಜವಾನನೇ. ಹೀಗೆ ಹೇಳಿ, 'ನಮ್ಮ ಜವಾನರಿಗೆ ಅರವತ್ತಾದರೂ ಹೆಸರಿನಲ್ಲಿ ಅವರು ಚಿರಯುವಕರು' ಎಂದೆ. ಸಭೆ ಚಪ್ಪಾಳೆ ತಟ್ಟಿತು. ಅವರು ಹಾರ ಹಾಕಿಸಿಕೊಂಡು, ಕೆಳಗಿಳಿದು, ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಚೆನ್ನಾಗಿ ಹೇಳಿದಿರಿ ಸಾರ್. ಇಪ್ಪತ್ತೊಂದರಲ್ಲಿ ಕೆಲಸಕ್ಕೆ ಸೇರಿದಾಗ ಯಾರಾದರೂ ಹೀಗೆ ಹೇಳಿದ್ದರೆ ಚೆನ್ನಾಗಿತ್ತು. ನನಗೊಂದು ಹೆಸರಿದೆ ನೋಡಿ, ಅದನ್ನು ನೀವು ಇವತ್ತೂ ಹೇಳಲಿಲ್ಲ."

ನಿಜ. ಹತ್ತು ನಿಮಿಷದ ಭಾಷಣದಲ್ಲಿ ಪಾರ್ಸಿ, ಸಂಸ್ಕೃತ, ಲ್ಯಾಟಿನ್ ಎಲ್ಲ ಬಂದಿದ್ದವು. ಅವರ ಹೆಸರು ಬಂದಿರಲಿಲ್ಲ. ಮೂಲೆಯ ಮೇಜಿನಿಂದ ಬೆರಳು ತೋರಿಸಿದವನನ್ನು ಅಷ್ಟು ವರ್ಷ ಮನಸ್ಸಿನಲ್ಲಿಯೇ ಬೈದುಕೊಂಡಿದ್ದವನು ನಾನು.

ಯೌವನದ ಮಾತುಗಳೆಲ್ಲ ಕೆಳಗಿಳಿಯುತ್ತವೆ ಎಂದಲ್ಲ. ಕೆಲವು ಮೇಲೇರಿ ಮುದಿಯಾಗುತ್ತವೆ. ಜರ್ಮನಿಯ 'ಯುಂಕರ್' ಹುಟ್ಟಿದ್ದು 'ಎಳೆಯ ಒಡೆಯ' ಎಂಬ ಅರ್ಥದಿಂದ. ರಷ್ಯದಲ್ಲಿ ಅವನು ಸೈನಿಕ ಶಾಲೆಯ ತರುಣನಾದ; 1917ರ ಕ್ರಾಂತಿಯ ರಾತ್ರಿ ಚಳಿಗಾಲದ ಅರಮನೆಯನ್ನು ಕಾಯುತ್ತಿದ್ದವರಲ್ಲಿ ಯುಂಕರುಗಳಿದ್ದರು. ತವರಾದ ಪ್ರಷ್ಯದಲ್ಲಿ ಮಾತ್ರ ಯುಂಕರ್ ಎಂದರೆ ಹೊಸದೆಲ್ಲವನ್ನೂ ದ್ವೇಷಿಸುವ, ಮೀಸೆ ನರೆತ ಜಮೀನುದಾರ. ನಮ್ಮಲ್ಲಿಯೂ 'ಯುವ ನಾಯಕರು' ಎಂದು ವೃತ್ತಗಳಲ್ಲಿ ಫಲಕ ಹಾಕಿಸಿಕೊಳ್ಳುವ ಕೆಲವರ ವಯಸ್ಸನ್ನು ವಿಚಾರಿಸದಿರುವುದೇ ಸಭ್ಯತೆ.

ಇನ್ನು ಜಪಾನಿಗೆ ಹೋದ ಜರ್ಮನ್ ಮಾತುಗಳದು ಬೇರೆಯೇ ಭಾಗ್ಯ. ಬರ್ಲಿನ್ನಿನ ಪಕ್ಕದ ಸ್ಟೆಗ್ಲಿಟ್ಸ್ ಎಂಬಲ್ಲಿ 1901ರಲ್ಲಿ ಶಾಲೆಯ ಹುಡುಗರು ಒಂದು ಸಂಘ ಕಟ್ಟಿಕೊಂಡು ಕಾಡುಮೇಡು ಅಲೆಯತೊಡಗಿದರು. ಅದಕ್ಕೆ ಅವರಿಟ್ಟ ಹೆಸರು 'ವಾಂಡರ್‌ಫೋಗೆಲ್', ವಲಸೆಹಕ್ಕಿ. ಆ ಹಕ್ಕಿಗಳಲ್ಲಿ ಎಷ್ಟೋ ಮೊದಲನೆಯ ಯುದ್ಧದ ಕಂದಕಗಳಲ್ಲಿ ಬಿದ್ದವು. ಉಳಿದ ಸಂಘಗಳನ್ನು 1933ರಲ್ಲಿ ಹಿಟ್ಲರನ ಆಡಳಿತ ಮುಚ್ಚಿಸಿತು. ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಬೆಟ್ಟ ಹತ್ತುವ ವಿದ್ಯಾರ್ಥಿಗಳ ಕೂಟಕ್ಕೆ ಅದೇ ಹೆಸರು. ಯುದ್ಧಪೂರ್ವದ ಜಪಾನಿ ವಿದ್ಯಾರ್ಥಿಗಳು ಜರ್ಮನ್ ಓದುತ್ತಿದ್ದುದರಿಂದ ಅವರ ಪೋಲಿಮಾತಿನಲ್ಲಿ ಇನ್ನೊಂದು ಪದವೂ ಸೇರಿತು. ಜರ್ಮನಿಯಲ್ಲಿ 'ಆರ್ಬೈಟ್' ಎಂದರೆ ದುಡಿಮೆ, ಯಾರದೇ ದುಡಿಮೆ. ಜಪಾನಿನಲ್ಲಿ 'ಅರುಬೈತೊ' ಎಂದರೆ ಓದುವ ಹುಡುಗ ಬಿಡುವಿನಲ್ಲಿ ಮಾಡುವ ಕೆಲಸ. ರಾಜಾಜಿನಗರದಲ್ಲಿ ಬೆಳಗ್ಗೆ ಐದರಿಂದ ಒಂಬತ್ತೂವರೆಯವರೆಗೆ ನಾನು ಮಾಡುತ್ತಿದ್ದುದಕ್ಕೆ ಜಗತ್ತಿನಲ್ಲೊಂದು ಸರಿಯಾದ ಹೆಸರಿತ್ತೆಂದು ತಿಳಿದದ್ದು ಮೂವತ್ತು ವರ್ಷಗಳ ಬಳಿಕ.

ಮುಂದಿನ ಭಾನುವಾರ ಅವಳು ಮತ್ತೆ ಬಂದಾಗ ನನ್ನ ಬಳಿ ಒಂದು ಪಟ್ಟಿಯೇ ಇತ್ತು. ಮೊದಲು 'ಪಡ್ಡೆ' ಎಂದೆ. ಹಳ್ಳಿಗಾಡಿನಲ್ಲಿ ಇನ್ನೂ ಗಬ್ಬವಾಗದ, ಹರೆಯಕ್ಕೆ ಬಂದ ಎಮ್ಮೆಗೆ ಪಡ್ಡೆ ಎನ್ನುತ್ತಾರೆ. ಮೀನಿಗೆ ಎಮ್ಮೆ ಸಮವಾದೀತು. ಅವಳು ಒಪ್ಪಲಿಲ್ಲ. "ಈಗ ಪಡ್ಡೆ ಅಂದರೆ ಹುಡುಗರು ಸಾರ್, ಅದೂ ನವರಂಗ್ ಟಾಕೀಸಿನ ಮುಂದೆ ನಿಂತು ಶಿಳ್ಳೆ ಹಾಕುವವರು." ಸರಿ, ಬಾಕ್‌ಫಿಶ್ ಗಂಡಿನಿಂದ ಹೆಣ್ಣಿಗೆ ಹೋದರೆ ನಮ್ಮ ಪಡ್ಡೆ ಹೆಣ್ಣಿನಿಂದ ಗಂಡಿಗೆ ಬಂದಿತು! 'ಕಿಶೋರಿ' ಎಂದೆ. ಸಂಸ್ಕೃತದಲ್ಲಿ ಕಿಶೋರವೆಂದರೆ ಮೂಲತಃ ಕುದುರೆಯ ಮರಿ. ಪ್ರಾಣಿಯೂ ಆಯಿತು, ಮರ್ಯಾದೆಯೂ ಉಳಿಯಿತು. "ಅದು ಸರಕಾರಿ ನೋಟೀಸಿನ ಭಾಷೆ" ಎಂದಳು. ಅದೂ ಸುಳ್ಳಲ್ಲ. 2016ರ ತಿದ್ದುಪಡಿಯ ಬಳಿಕ ಬಾಲಕಾರ್ಮಿಕ ಕಾಯ್ದೆಯ ಹೆಸರಿನಲ್ಲಿಯೇ ಕಿಶೋರರು ಸೇರಿದ್ದಾರೆ: ಹದಿನಾಲ್ಕು ತುಂಬಿ ಹದಿನೆಂಟು ತುಂಬದವರು. ಕುದುರೆಮರಿ ಕಾನೂನಿನ ಲಾಯಕ್ಕೆ ಬಂದಿದೆ. 'ಜವ್ವನೆ' ಕಾವ್ಯದವಳು, ಪೂರ್ತಿ ಅರಳಿದವಳು, ಎರಡು ಜಡೆಯವಳಲ್ಲ. ಮರಾಠಿಯಿಂದ ಬಂದ 'ಪೋರಿ' ಹತ್ತಿರವೇ ಇತ್ತು, ಅದರಲ್ಲಿ ಬೈಗುಳದ ಒಗರು ಹೆಚ್ಚು ಎಂದಳು.

ಕೊನೆಗೆ 'ಹದಿಹರೆಯ'ಕ್ಕೆ ಬಂದೆವು. ಇಂಗ್ಲಿಷಿನ 'ಟೀನ್' ಎಂಬುದನ್ನು ನೋಡಿ ಕಟ್ಟಿದ ಪದವಾದರೂ ಅದು ಮೂಲಕ್ಕಿಂತ ಜಾಣ. ಇಂಗ್ಲಿಷಿನ ಟೀನು ಹತ್ತೊಂಬತ್ತರವರೆಗೂ ಎಳೆಯುತ್ತದೆ. ಕನ್ನಡದಲ್ಲಿ 'ಹದಿ' ಆರಂಭವಾಗುವುದು ಹದಿಮೂರಕ್ಕೆ, ಮುಗಿಯುವುದು ಹದಿನೆಂಟಕ್ಕೆ, ಮುಂದಿನದು ಹತ್ತೊಂಬತ್ತು. ಮತದಾನದ ವಯಸ್ಸನ್ನು ಶಾಸನ ನಿಗದಿ ಮಾಡುವ ಬಹುಕಾಲ ಮೊದಲೇ ನಮ್ಮ ಸಂಖ್ಯಾವಾಚಕಗಳು ಅಲ್ಲಿಗೆ ಗೆರೆ ಎಳೆದಿದ್ದವು. ಇದನ್ನು ಹೇಳಿದಾಗ ಅವಳಿಗೆ ಬಹಳ ಸಂತೋಷವಾಯಿತು. ಆದರೆ, "ಅಜ್ಜಿ ಮೊಮ್ಮಗಳನ್ನು 'ಬಾರೇ ಹದಿಹರೆಯ' ಎಂದು ಕರೆಯುತ್ತಾಳೆಯೇ ಸಾರ್?" ಎಂದಳು. ಕರೆಯುವುದಿಲ್ಲ.

ಅಷ್ಟು ಹೊತ್ತಿಗೆ ಊರಿನಿಂದ ಫೋನು ಬಂತು. ಅಮ್ಮನಿಗೆ ಈಗ ಕಿವಿ ಮಂದ. ತಾನು ಗಟ್ಟಿಯಾಗಿ ಮಾತಾಡಿದರೆ ನಮಗೂ ಕೇಳಿಸುವುದೆಂದು ಅವಳ ನಂಬಿಕೆ. 'ಮಾಣೀ, ಉಂಡ್ಯಾ?' ಎಂದದ್ದು ಕೋಣೆಗೆಲ್ಲ ಕೇಳಿಸಿತು. ನಲವತ್ತಾರು ವರ್ಷದ ಮೇಷ್ಟ್ರು ಉತ್ತರ ಕೊಡುತ್ತಿದ್ದಾಗ ಹುಡುಗಿ ತನ್ನ ಕಾಗದದ ಮೇಲೆ ಏನೋ ಬರೆದುಕೊಳ್ಳುತ್ತಿದ್ದಳು. ಫೋನು ಇಟ್ಟ ಮೇಲೆ ಕೇಳಿದಳು:

"ಸಾರ್, ಮಾಣಿಗೆ ಸ್ತ್ರೀಲಿಂಗ ಏನು?"

ನಮ್ಮ ಊರಿನಲ್ಲಿ ಹುಡುಗಿಗೆ 'ಹೆಣ್ಣು' ಎಂದುಬಿಡುತ್ತಾರೆ ಎಂದೆ. ಅವಳು ಆ ಪದವನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡು, ಅಜ್ಜಿಯೊಬ್ಬಳು ಜಗುಲಿಯಿಂದ ಕೂಗುವಂತೆ ಒಮ್ಮೆ ಗಟ್ಟಿಯಾಗಿ ಹೇಳಿನೋಡಿ, ಹುರಿದ ಮೀನಿನ ಮೇಲೆ ಗೆರೆ ಎಳೆದಳು.